ಮುಚ್ಚಲೊಲ್ಲದ ಬಣ್ಣಗಳು

ಮಿನಿಯೇಚರ್ ಗೊಂಬೆಗಳಿಗೆ ಬಣ್ಣ ಹಚ್ಚಲು ಹೊಸದಾಗಿ ಕೂತವರೆಲ್ಲ ಬೇಗನೇ ಬಂದು ಮುಗ್ಗರಿಸುವ ಜಾಗ ಒಂದಿದೆ. ನೀಲಿ ಹಚ್ಚಿದರು, ಎರಡನೇ ಕೋಟಿಗೇ ಸಮನಾಗಿ ಕೂತಿತು. ಹಸಿರು, ಕಂದು, ಬೂದು ಎಲ್ಲವೂ ಹೇಳಿದ ಮಾತು ಕೇಳಿದವು. ಆಮೇಲೆ ಹಳದಿ ಬಾಟಲಿ ತೆರೆದರು. ಕಪ್ಪು ಪ್ರೈಮರಿನ ಮೇಲೆ ಮೊದಲ ಕೋಟು ಹಳದಿಯೂ ಅಲ್ಲದ ಹಸಿರೂ ಅಲ್ಲದ ಒಂದು ಮಂಕುಬಣ್ಣವಾಗಿ ನಿಂತಿತು. ದಪ್ಪಗೆ ಬಳಿದರೆ ಸರಿಹೋದೀತೆಂದು ದಪ್ಪಗೆ ಬಳಿದರು. ಗೊಂಬೆಯ ಭುಜದ ಮೇಲಿದ್ದ ಪುಟ್ಟ ಲಾಂಛನ ಬಣ್ಣದಡಿ ಹೂತುಹೋಯಿತು, ಹಳದಿ ಆಗಲೂ ಪಟ್ಟೆಪಟ್ಟೆಯಾಗಿಯೇ ಉಳಿಯಿತು. ಕೊನೆಗೆ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಬೈದುಕೊಳ್ಳಬೇಕಾದ್ದಿಲ್ಲ. ಆ ಹಳದಿಯ ಅಡಿಯಲ್ಲಿ ಏನಿರಬೇಕು ಎಂಬುದನ್ನು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ. ಈ ಲೇಖನ ಅದನ್ನು ನಿಧಾನವಾಗಿ ಹೇಳಲಿಕ್ಕೆ.

ಮೊದಲು ಅಳತೆಯ ವಿಚಾರ. ನಾವು ಬಣ್ಣ ಹಚ್ಚುವ ಯುದ್ಧದಾಟದ ಗೊಂಬೆಗಳು ಸಾಮಾನ್ಯವಾಗಿ 28ರಿಂದ 32 ಮಿಲಿಮೀಟರ್ ಎತ್ತರದವು. ಪ್ಲಾಸ್ಟಿಕ್, ರೆಸಿನ್ ಅಥವಾ ತವರದ ಮಿಶ್ರಲೋಹದಲ್ಲಿ ಎರಕ ಹೊಯ್ದವು. ಅಂಗಿಯ ಗುಂಡಿ, ಬೆಲ್ಟಿನ ಕೊಂಡಿ, ಮುಖದ ಸುಕ್ಕು ಎಲ್ಲ ಮಿಲಿಮೀಟರಿನ ಸಣ್ಣ ಪಾಲಿನಲ್ಲೇ ಮುಗಿದುಹೋಗುತ್ತವೆ. ಗೋಡೆಗೆ ಬಣ್ಣ ಬಳಿಯುವವನು ಮುಚ್ಚದಿದ್ದರೆ ರೋಲರನ್ನು ಇನ್ನೊಂದು ಸಲ ಅದ್ದಿ ಎಳೆಯುತ್ತಾನೆ, ಗೋಡೆಗೆ ಏನೂ ನಷ್ಟವಿಲ್ಲ. ನಮಗೆ ಆ ಸ್ವಾತಂತ್ರ್ಯ ಇಲ್ಲ. ಕೆತ್ತನೆ ಉಳಿಯಬೇಕಾದರೆ ಕೋಟು ತೆಳುವಾಗಿರಲೇಬೇಕು, ಕೋಟು ತೆಳುವಾದರೆ ಬಣ್ಣದ ನಿಜವಾದ ಮುಚ್ಚುವ ಶಕ್ತಿ ಎಷ್ಟೆಂಬುದು ಬಯಲಾಗುತ್ತದೆ. ಗೋಡೆಯ ಮೇಲೆ ಅಡಗಿರುವ ದೌರ್ಬಲ್ಯ ಗೊಂಬೆಯ ಮೇಲೆ ಎದ್ದು ಕಾಣುವುದು ಈ ಕಾರಣಕ್ಕೆ.

ಈಗ ಮುಚ್ಚುವುದು ಅಂದರೆ ಏನು ಎಂದು ನೋಡೋಣ. ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬರುತ್ತದೆ, ಹೆದರಬೇಡಿ. ಇದೊಂದು ಅರ್ಥವಾದರೆ ಮುಂದಿನ ಎಲ್ಲ ಉಪಾಯಗಳನ್ನು ನೀವೇ ಊಹಿಸಿಕೊಳ್ಳಬಹುದು.

ಬಣ್ಣದಲ್ಲಿ ಮುಖ್ಯವಾಗಿ ಇರುವುದು ವರ್ಣಕದ ಪುಡಿ ಮತ್ತು ಆ ಪುಡಿಯನ್ನು ಹಿಡಿದಿಡುವ ಅಂಟು. ನಾವು ಬಳಸುವ ಅಕ್ರಿಲಿಕ್ ಬಣ್ಣದಲ್ಲಿ ಅಂಟಿನ ಕೆಲಸ ಮಾಡುವುದು ಅಕ್ರಿಲಿಕ್ ರಾಳ. ನೀರು ಬರೀ ಸಾಗಿಸುವ ಆಳು, ಕೆಲಸ ಮುಗಿದ ಕೂಡಲೇ ಆವಿಯಾಗಿ ಹೋಗುತ್ತದೆ. ಒಣಗಿದ ರಾಳಕ್ಕೆ ತನ್ನದೇ ಆದ ಬಣ್ಣವಿಲ್ಲ, ಅದು ಪಾರದರ್ಶಕ. ಹಾಗಾಗಿ ಅಡಿಯಲ್ಲಿರುವುದನ್ನು ಮರೆಮಾಡುವ ಹೊಣೆಯೆಲ್ಲ ಪುಡಿಯದೇ. ಪುಡಿಗೆ ಗೊತ್ತಿರುವ ವಿದ್ಯೆ ಎರಡು: ಬಿದ್ದ ಬೆಳಕನ್ನು ನುಂಗಿಬಿಡುವುದು, ಇಲ್ಲವೇ ಅದನ್ನು ಚದುರಿಸಿ ನಮ್ಮ ಕಣ್ಣಿನತ್ತ ಹಿಂದಕ್ಕೆ ಕಳಿಸುವುದು. ಕಪ್ಪು ಮೊದಲನೆಯದರಲ್ಲಿ ನಿಪುಣ. ಬೆಳಕು ಅಡಿಯವರೆಗೆ ಹೋಗಿ ವಾಪಸ್ ಬರಲು ಅದು ಬಿಡುವುದೇ ಇಲ್ಲ. ಕಡುನೀಲಿ, ಕಡುಹಸಿರು, ಕಂದುಗಳಿಗೂ ಈ ವಿದ್ಯೆ ಬೇಕಾದಷ್ಟಿದೆ.

ಚದುರಿಸುವ ವಿದ್ಯೆ ಸ್ವಲ್ಪ ಸೂಕ್ಷ್ಮ. ಗೋಡೆಗೆ ಸುಣ್ಣ ಹೊಡೆಯುವುದನ್ನು ನೋಡಿದವರಿಗೆ ಇದು ಪರಿಚಿತವೇ. ಸುಣ್ಣ ಹಸಿಯಿದ್ದಾಗ ಹಳೆಯ ಕಲೆಗಳೆಲ್ಲ ಕಾಣುತ್ತಿರುತ್ತವೆ, ಬಳಿದೇ ಇಲ್ಲವೇನೋ ಅನ್ನಿಸುತ್ತದೆ. ಒಣಗಿದ ಮೇಲೆ ಗೋಡೆ ಬೆಳ್ಳಗೆ ಬೆಳಗುತ್ತದೆ. ಸುಣ್ಣ ಅಷ್ಟೇ ಇದೆ, ಬದಲಾದದ್ದು ಅದರ ಕಣಗಳ ಸುತ್ತ ಇರುವ ವಸ್ತು. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಅವೆರಡರ ವಕ್ರೀಭವನ ಸೂಚ್ಯಂಕದ ನಡುವೆ ಅಂತರ ಎಷ್ಟಿದೆಯೋ ಅಷ್ಟು ಚದುರುತ್ತದೆ. ಸುಣ್ಣದ ಕಣದ ಸೂಚ್ಯಂಕ ಸುಮಾರು 1.6, ನೀರಿನದು 1.33, ಗಾಳಿಯದು 1. ಸುತ್ತ ನೀರಿದ್ದಾಗ ಅಂತರ ಚಿಕ್ಕದು, ನೀರಾರಿ ಗಾಳಿ ತುಂಬಿದಾಗ ದೊಡ್ಡದು.

ಅಕ್ರಿಲಿಕ್ ಬಣ್ಣದಲ್ಲಿ ನೀರು ಆರಿದರೂ ಕಣಗಳ ಸುತ್ತ ಗಾಳಿ ಬರುವುದಿಲ್ಲ, ಸುಮಾರು 1.49 ಸೂಚ್ಯಂಕದ ರಾಳ ಅವನ್ನು ಸುತ್ತಿಕೊಂಡೇ ಇರುತ್ತದೆ. ಆದ್ದರಿಂದ ಸೀಮೆಸುಣ್ಣದ ಪುಡಿ ಬೆರೆಸಿದ ಅಗ್ಗದ ಬಣ್ಣ ನೋಡಲು ಗಟ್ಟಿಯಾಗಿದ್ದರೂ ಮುಚ್ಚುವುದಿಲ್ಲ, ರಾಳದೊಳಗೆ ಆ ಪುಡಿ ಹೆಚ್ಚುಕಡಿಮೆ ಮಾಯವಾಗಿಬಿಡುತ್ತದೆ. ರಾಳದೊಳಗೂ ಗೆಲ್ಲಬೇಕಾದರೆ ಸೂಚ್ಯಂಕ ಎರಡು ದಾಟಿರಬೇಕು. ಟೈಟಾನಿಯಂ ಡೈಆಕ್ಸೈಡಿನ ರೂಟೈಲ್ ರೂಪದ್ದು 2.7. ಕಾವಿಯ ಕೆಂಪಿಗೆ ಕಾರಣವಾದ ಕಬ್ಬಿಣದ ಆಕ್ಸೈಡಿನದೂ ಅದರ ಆಸುಪಾಸಿನದೇ ಅಥವಾ ಇನ್ನೂ ಮೇಲೆ. ಯೆಲ್ಲೋ ಓಕರ್ ಕೂಡ ಎರಡನ್ನು ದಾಟುತ್ತದೆ. ಆದರೆ ಬಾಟಲಿಯಲ್ಲಿ ಕಣ್ಣು ಕುಕ್ಕುವ ಹಳದಿ, ಕಿತ್ತಳೆ, ಗುಲಾಬಿಗಳಲ್ಲಿರುವ ಇಂಗಾಲ ಆಧಾರಿತ ಕೃತಕ ವರ್ಣಕಗಳದು ಎರಡಕ್ಕಿಂತ ಸಾಕಷ್ಟು ಕೆಳಗೆ, ರಾಳದ ನೆರೆಯಲ್ಲೇ.

ಇಷ್ಟು ತಿಳಿದರೆ ಹಳದಿಯ ಕಷ್ಟ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಳದಿ ವರ್ಣಕ ನುಂಗುವುದು ಬೆಳಕಿನ ನೀಲಿ ಭಾಗವನ್ನು ಮಾತ್ರ. ಕೆಂಪು, ಹಸಿರು ಭಾಗಗಳನ್ನು ಅದು ಬಿಟ್ಟುಕೊಡಲೇಬೇಕು, ಬಿಟ್ಟುಕೊಟ್ಟರೇ ಅದು ಹಳದಿ. ಅಂದರೆ ನುಂಗುವ ವಿದ್ಯೆ ಅದಕ್ಕೆ ಕಾಲುಪಾಲೂ ಉಪಯೋಗಕ್ಕೆ ಬರುವುದಿಲ್ಲ. ಉಳಿದದ್ದು ಚದುರಿಸುವ ವಿದ್ಯೆ, ಅದು ಈ ವರ್ಣಕಗಳಿಗೆ ಅಷ್ಟಾಗಿ ಬಾರದು. ಎರಡೂ ಕೈಕೊಟ್ಟ ಮೇಲೆ ಬೆಳಕು ನೇರವಾಗಿ ಅಡಿಯ ಕಪ್ಪಿನವರೆಗೆ ಇಳಿದು ಅಲ್ಲೇ ಸಾಯುತ್ತದೆ. ಅಷ್ಟಿಷ್ಟು ವಾಪಸ್ ಬಂದ ಬೆಳಕು ಕಂದಿದ ಹಳದಿಯಾಗಿರುತ್ತದೆ, ಕಂದಿದ ಹಳದಿಯನ್ನು ನಮ್ಮ ಕಣ್ಣು ಪಾಚಿಹಸಿರು ಎಂದೇ ಓದುತ್ತದೆ. ಮೊದಲ ಕೋಟಿನ ಮಂಕುಬಣ್ಣ ಬಂದದ್ದು ಹೀಗೆ.

ಹಾಗಾದರೆ ಚೆನ್ನಾಗಿ ಮುಚ್ಚುವ, ಉಜ್ವಲವಾದ ಹಳದಿ ಲೋಕದಲ್ಲೇ ಇಲ್ಲವೇ? ಇದೆ, ಇತ್ತು. ನಮ್ಮ ಹಳೆಯ ಚಿತ್ರಕಾರರ ಹರಿತಾಳ ದಿವ್ಯವಾಗಿ ಮುಚ್ಚುತ್ತಿತ್ತು, ಆದರೆ ಅದು ಆರ್ಸೆನಿಕ್ಕಿನ ಸಲ್ಫೈಡ್. ಕೆಂಪಿನ ಇಂಗಳೀಕ ಪಾದರಸದ ಸಲ್ಫೈಡ್. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಬಂದ ಕ್ರೋಮ್ ಹಳದಿ ಸೀಸದ ಕ್ರೋಮೇಟ್. ವ್ಯಾನ್ ಗೋ ತನ್ನ ಸೂರ್ಯಕಾಂತಿ ಚಿತ್ರಗಳಿಗೆ ಬಳಸಿದ್ದು ಅದನ್ನೇ. ಅದರ ನಂತರದ್ದು ಕ್ಯಾಡ್ಮಿಯಂ ಹಳದಿ, ಕಲಾವಿದರ ದುಬಾರಿ ಟ್ಯೂಬುಗಳಲ್ಲಿ ಇಂದಿಗೂ ಸಿಗುತ್ತದೆ. ಪಟ್ಟಿ ನೋಡಿದರೆ ಗೊತ್ತಾಗುತ್ತದೆ, ಚೆನ್ನಾಗಿ ಮುಚ್ಚುವ ಹಳದಿಗಳೆಲ್ಲ ಹೆಚ್ಚಾಗಿ ಭಾರಲೋಹದ ಮಕ್ಕಳು. ಮಕ್ಕಳೂ ಕೂತು ಆಡುವ ಹವ್ಯಾಸಕ್ಕೆ, ಅದರಲ್ಲೂ ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡುವ ಕೆಟ್ಟ ಚಾಳಿ ಇರುವ ನಮ್ಮ ಹವ್ಯಾಸಕ್ಕೆ, ಇವು ಹೇಳಿಸಿದ್ದಲ್ಲ. ಆ ಚಾಳಿ ನಿಮಗೆ ಅಂಟಿಕೊಳ್ಳುವ ಮೊದಲೇ ಬಿಡಿ, ಯಾವ ಬಣ್ಣವಾದರೂ ಸರಿ. ಭಾರತದಲ್ಲಿ 2016ರ ನಿಯಮಗಳ ಪ್ರಕಾರ ಮನೆಗೆ ಹಚ್ಚುವ ಬಣ್ಣದಲ್ಲೂ ಸೀಸ 90 ಪಿಪಿಎಂ ಮೀರುವಂತಿಲ್ಲ. ಸೀಸವಿಲ್ಲದೆ ಚೆನ್ನಾಗಿ ಮುಚ್ಚುವ ಬಿಸ್ಮತ್ ವೆನಡೇಟ್ ಎಂಬ ಹಳದಿ ಇದೆ, ಆದರೆ ಬೆಲೆ ಹೆಚ್ಚು. ಹೀಗಾಗಿ ತಯಾರಕರ ಮುಂದೆ ಎರಡೇ ದಾರಿ ಉಳಿಯುತ್ತವೆ: ಉಜ್ವಲವಾಗಿದ್ದು ಮುಚ್ಚದ ಕೃತಕ ಹಳದಿ, ಇಲ್ಲವೇ ಮುಚ್ಚಿದರೂ ಮಂಕಾಗಿರುವ ಮಣ್ಣಿನ ಹಳದಿ.

ಬಾಟಲಿ ಕೊಳ್ಳುವಾಗ ಇದನ್ನು ನೆನಪಿಡಿ. ಕಲಾವಿದರ ಟ್ಯೂಬಿನ ಮೇಲೆ ವರ್ಣಕದ ಸಂಕೇತ ಅಚ್ಚಾಗಿರುತ್ತದೆ: ಪಿವೈ 74 ಅಂದರೆ ಕೃತಕ ಹಳದಿ, ಪಿವೈ 42 ಅಂದರೆ ಕಬ್ಬಿಣದ ಹಳದಿ, ಪಿಡಬ್ಲ್ಯೂ 6 ಅಂದರೆ ಟೈಟಾನಿಯಂ ಬಿಳಿ. ಜೊತೆಗೆ ಒಂದು ಪುಟ್ಟ ಚೌಕವೂ ಇರಬಹುದು. ಖಾಲಿ ಚೌಕ ಪಾರದರ್ಶಕ, ತುಂಬಿದ್ದು ಅಪಾರದರ್ಶಕ, ಅರ್ಧ ತುಂಬಿದ್ದು ನಡುವಿನದು. ಮಿನಿಯೇಚರ್ ಬಣ್ಣದ ಬಾಟಲಿಗಳಲ್ಲಿ ಈ ಸೌಜನ್ಯ ಅಪರೂಪ. ಅಲ್ಲಿ ಹೆಸರುಗಳದ್ದೇ ಆರ್ಭಟ, ಯಾವುದೋ ರಾಕ್ಷಸನದೋ ಕಾಲ್ಪನಿಕ ಕೋಟೆಯದೋ ಹೆಸರಿಟ್ಟಿರುತ್ತಾರೆ, ಒಳಗೇನಿದೆ ಎಂಬುದು ಮಾತ್ರ ಗುಟ್ಟು. ಆದ್ದರಿಂದ ನೀವೇ ಪರೀಕ್ಷಿಸಬೇಕು.

ಪರೀಕ್ಷೆ ಸುಲಭ. ಒಂದು ದಪ್ಪ ಬಿಳಿ ಕಾರ್ಡ್ ತೆಗೆದುಕೊಂಡು ಅದರ ಉದ್ದಕ್ಕೂ ಬೆರಳಗಲದ ಕಪ್ಪು ಪಟ್ಟಿ ಬಳಿಯಿರಿ. ಮಾರ್ಕರ್ ಪೆನ್ನು ಬೇಡ, ಅದರ ಶಾಯಿ ಮೇಲಿನ ಬಣ್ಣದೊಳಗೆ ಏರಿಬಂದು ಫಲಿತಾಂಶ ಕೆಡಿಸಬಹುದು. ಕಪ್ಪು ಅಕ್ರಿಲಿಕ್ ಬಣ್ಣವೇ ಇರಲಿ. ಒಣಗಿದ ಮೇಲೆ ನಿಮ್ಮಲ್ಲಿರುವ ಒಂದೊಂದು ಬಣ್ಣವನ್ನೂ ಗೊಂಬೆಗೆ ಹಚ್ಚುವಷ್ಟೇ ತೆಳುವಾಗಿ, ಬಿಳಿಯಿಂದ ಕಪ್ಪನ್ನು ದಾಟಿ ಮತ್ತೆ ಬಿಳಿಯವರೆಗೆ ಎಳೆಯಿರಿ. ಪಕ್ಕದಲ್ಲಿ ಬಣ್ಣದ ಹೆಸರು ಬರೆಯಿರಿ. ಪೂರ್ತಿ ಒಣಗಲಿ, ಯಾಕೆಂದರೆ ಹಸಿ ಅಕ್ರಿಲಿಕ್ ಹಾಲಿನಂತೆ ತೋರಿ ಒಣಗಿದಾಗ ಕೊಂಚ ಕಡುವಾಗುತ್ತದೆ. ಈಗ ನೋಡಿ: ಕಪ್ಪಿನ ಮೇಲೂ ಬಿಳಿಯ ಮೇಲೂ ಒಂದೇ ರೀತಿ ಕಾಣುವ ಬಣ್ಣ ಮುಚ್ಚುವ ಬಣ್ಣ. ಎರಡು ಕಡೆ ಎರಡು ಬಗೆಯಾಗಿ ಕಾಣುವುದು ಮುಚ್ಚಲೊಲ್ಲದ ಬಣ್ಣ. ಬಣ್ಣದ ಕಾರ್ಖಾನೆಗಳ ಪ್ರಯೋಗಾಲಯಗಳಲ್ಲೂ ಮುಚ್ಚುವ ಶಕ್ತಿ ಅಳೆಯುವುದು ಇಂಥದೇ ಕಪ್ಪುಬಿಳಿ ಕಾರ್ಡಿನ ಮೇಲೆ. ಒಂದು ಸಂಜೆ ಈ ಕಾರ್ಡ್ ಮಾಡಿಟ್ಟುಕೊಂಡರೆ ಮುಂದೆ ಬಹಳ ಗೊಂಬೆಗಳು ಉಳಿಯುತ್ತವೆ. ನನ್ನ ತರಗತಿಗೆ ಬರುವವರು ಮೊದಲು ಇದನ್ನು ಮಾಡಿದ ಮೇಲೇ ಗೊಂಬೆ ಮುಟ್ಟುವುದು, ಗೊಣಗುತ್ತಾರೆ, ಇರಲಿ.

ಇನ್ನು ಹಳದಿಗೆ ಮದ್ದು. ಮುಖ್ಯ ಉಪಾಯ ಒಂದೇ: ಹಳದಿಯ ಕೈಯಲ್ಲಿ ಮುಚ್ಚುವ ಕೆಲಸ ಮಾಡಿಸಬೇಡಿ. ಮುಚ್ಚುವ ಕೆಲಸವನ್ನು ಮುಚ್ಚಬಲ್ಲ ಬೇರೆ ಬಣ್ಣಕ್ಕೆ ಕೊಟ್ಟು, ಹಳದಿಗೆ ಮೆರುಗು ಕೊಡುವ ಕೆಲಸ ಮಾತ್ರ ಇಡಿ.

ಪ್ರೈಮರ್ ಕಪ್ಪು ಬೇಡ, ತಿಳಿಬೂದು ಅಥವಾ ಬಿಳಿ ಇರಲಿ. ಅದರ ಮೇಲೆ ಯೆಲ್ಲೋ ಓಕರ್ ಎರಡು ತೆಳು ಕೋಟು. ಓಕರ್ ಮಣ್ಣಿನ ವರ್ಣಕವಾದ್ದರಿಂದ ಬೇಗ ಮುಚ್ಚುತ್ತದೆ, ಅದೂ ಹಳದಿಯ ಮನೆತನದ್ದೇ ಆದ್ದರಿಂದ ಮೇಲಿನ ಉಜ್ವಲ ಹಳದಿ ಎಲ್ಲಾದರೂ ತೆಳುವಾದರೆ ಕಾಣುವುದು ನೆರಳಿನಂತೆ, ತಪ್ಪಿನಂತಲ್ಲ. ಓಕರ್ ಒಣಗಿದ ಮೇಲೆ ಉಜ್ವಲ ಹಳದಿ ಎರಡು ಕೋಟು. ಸಾಕು. ಗೇಮ್ಸ್ ವರ್ಕ್‌ಶಾಪಿನ ಸಿಟಡೆಲ್ ಬಣ್ಣ ಬಳಸುವವರಿಗೆ ಆವರ್‌ಲ್ಯಾಂಡ್ ಸನ್‌ಸೆಟ್ ಎಂಬ ಬೇಸ್ ಬಣ್ಣ ಈ ಕೆಲಸಕ್ಕೆಂದೇ ಇದೆ, ಮೇಲೆ ಯ್ರಿಯೆಲ್ ಯೆಲ್ಲೋ ಹಚ್ಚುತ್ತಾರೆ. ವಾರ್‌ಹ್ಯಾಮರ್ 40,000 ಆಟದಲ್ಲಿ ಇಂಪೀರಿಯಲ್ ಫಿಸ್ಟ್ಸ್ ಎಂಬ ಪಡೆ ಇದೆ, ತಲೆಯಿಂದ ಕಾಲಿನವರೆಗೆ ಹಳದಿ ಕವಚ. ಅವರನ್ನು ಆರಿಸಿಕೊಂಡ ಹೊಸಬರು ಈ ಜೋಡಿಯಿಂದ ಬದುಕುಳಿದಿದ್ದಾರೆ. ಇಂಥ ಗಟ್ಟಿ ಅಡಿಬಣ್ಣಗಳು ಮೊದಲಿಂದಲೂ ಇರಲಿಲ್ಲ. ಅದೇ ಕಂಪನಿ 2007ರಲ್ಲಿ ಫೌಂಡೇಶನ್ ಎಂಬ, ವರ್ಣಕ ಹೆಚ್ಚು ತುಂಬಿದ ಬಣ್ಣಗಳ ಸಾಲನ್ನು ತಂದಿತು, 2012ರಲ್ಲಿ ಆ ಜಾಗಕ್ಕೆ ಬೇಸ್ ಎಂಬ ಸಾಲು ಬಂತು. ಸ್ಪೇನಿನ ವ್ಯಾಯೆಹೋ ಮೊದಲಾದ ಬೇರೆ ತಯಾರಕರ ಓಕರ್ ಕೂಡ ಇಷ್ಟೇ ಚೆನ್ನಾಗಿ ನಡೆಯುತ್ತದೆ. ಕಂಪನಿ ಮುಖ್ಯವಲ್ಲ, ಒಳಗಿನ ಮಣ್ಣು ಮುಖ್ಯ.

ಅಡಿಬಣ್ಣ ಬದಲಿಸಿದರೆ ಹಳದಿಯ ಸ್ವಭಾವವೇ ಬದಲಾಗುತ್ತದೆ ಎಂಬುದು ಇದರ ಸೊಗಸಾದ ಇನ್ನೊಂದು ಮುಖ. ಬಿಳಿಯ ಮೇಲೆ ನೇರವಾಗಿ ಹಚ್ಚಿದ ಹಳದಿ ನಿಂಬೆಹಣ್ಣಿನ ಚುರುಕು ಹಳದಿ, ಸ್ವಲ್ಪ ತಣ್ಣಗೆ. ಓಕರ್ ಮೇಲೆ ಮಾಗಿದ ಹಳದಿ. ತಿಳಿಗುಲಾಬಿಯ ಮೇಲೆ ಹಚ್ಚಿ ನೋಡಿ, ನಂಬಲಿಕ್ಕಿಲ್ಲ, ಬೆಚ್ಚಗಿನ, ಜೀವ ತುಂಬಿದ ಹಳದಿ ಬರುತ್ತದೆ. ಗುಲಾಬಿಯಲ್ಲಿರುವ ಟೈಟಾನಿಯಂ ಬಿಳಿ ಮುಚ್ಚುವ ಕೆಲಸ ನೋಡಿಕೊಳ್ಳುತ್ತದೆ, ಅದರ ಕೆಂಪು ಹಳದಿಗೆ ಕಾವು ಕೊಡುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಅಡಿ ಇದೇ. ಪಕ್ಕದಲ್ಲಿ ಕೂತವರು ಗುಲಾಬಿ ಸೈನಿಕರನ್ನು ನೋಡಿ ನಗುತ್ತಾರೆ, ಹಳದಿ ಬೀಳುವವರೆಗೆ ಸಹಿಸಿಕೊಳ್ಳಿ.

ಬಣ್ಣಕ್ಕೆ ನೀರು ಬೆರೆಸುವುದಕ್ಕೆ ಒಂದು ಆರಂಭದ ಅಳತೆ: ಎರಡು ಹನಿ ಬಣ್ಣಕ್ಕೆ ಒಂದು ಹನಿ ನೀರು. ಕುಂಚವನ್ನು ಅದ್ದಿ, ಟಿಶ್ಯೂ ಮೇಲೆ ಒಮ್ಮೆ ಸವರಿ ಹೆಚ್ಚಿನದನ್ನು ತೆಗೆದು, ಒಂದೇ ದಿಕ್ಕಿನಲ್ಲಿ ಎಳೆದು ಕೈ ಎತ್ತಿ. ಇಲ್ಲೇ ಹೊಸಬರ ಕೈ ತುರಿಸುವುದು. ಸ್ವಲ್ಪ ಬಿಟ್ಟುಹೋಯಿತೆಂದು ಅರೆ ಒಣಗಿದ ಜಾಗದ ಮೇಲೇ ಮತ್ತೆ ಕುಂಚ ಆಡಿಸುತ್ತಾರೆ. ಅರೆ ಒಣಗಿದ ಅಕ್ರಿಲಿಕ್ ತೆಳುಪೊರೆ ಕಟ್ಟಿರುತ್ತದೆ, ಕುಂಚ ಅದನ್ನು ಕಿತ್ತು ಎಳೆಯುತ್ತದೆ, ಕಿತ್ತಲ್ಲಿ ಅಡಿ ಬಯಲಾಗಿ ಪಕ್ಕದಲ್ಲಿ ಗುಡ್ಡೆ ಬೀಳುತ್ತದೆ. ಹಳದಿಯ ಪಟ್ಟೆಗಳಲ್ಲಿ ಅರ್ಧಕ್ಕೆ ಕಾರಣ ವರ್ಣಕವಲ್ಲ, ಈ ಅವಸರ. ಮೊದಲ ಕೋಟು ಹರಕುಮುರುಕಾಗಿಯೇ ಕಾಣಲಿ, ಬಿಟ್ಟುಬಿಡಿ, ಬೇರೆ ಗೊಂಬೆ ಕೈಗೆತ್ತಿಕೊಳ್ಳಿ. ಮಳೆಗಾಲದ ಮಂಗಳೂರಿನಲ್ಲಿದ್ದರೆ ಇನ್ನೂ ಹೆಚ್ಚು ಹೊತ್ತು ಬಿಡಿ. ಅದೇ ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆಯುವುದಕ್ಕೂ ಬಿಸಿಲು ಕಾಣುವ ದಿನಕ್ಕೆ ಕಾಯುವುದು ಒಳ್ಳೆಯದು, ತೇವದ ಗಾಳಿಯಲ್ಲಿ ಅದು ಬೂಷ್ಟು ಬಂದಂತೆ ಮಬ್ಬಾಗಬಹುದು.

ಹಳದಿಗೆ ಬಿಳಿ ಬೆರೆಸಿದರೆ ಮುಚ್ಚುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮುಚ್ಚುತ್ತದೆ, ಆದರೆ ಉಜ್ವಲತೆ ಇಳಿದು ಮಜ್ಜಿಗೆಹುಳಿಯ ಬಣ್ಣಕ್ಕೆ ಬರುತ್ತದೆ. ಅದು ಬೇಕಾಗಿದ್ದರೆ ಸರಿ. ನೆರಳಿಗೆ ಕಪ್ಪು ಮಾತ್ರ ಖಂಡಿತ ಬೇಡ, ಮತ್ತೆ ಪಾಚಿಹಸಿರಿಗೆ ಹೋಗುತ್ತೀರಿ. ಕಿತ್ತಳೆ ಅಥವಾ ಕೆಂಗಂದು ತೆಳುವಾಗಿ ಸಂದುಗಳಿಗೆ ಇಳಿಸಿ. ಬೆಳಕಿನ ಅಂಚುಗಳಿಗೆ ಹಳದಿಗೆ ಚೂರು ದಂತದ ಬಿಳಿ ಸೇರಿಸಿದರೆ ಸಾಕು.

ಬಿಳಿಯದು ಬೇರೆಯೇ ಕಥೆ. ನನ್ನ ಮಟ್ಟಿಗೆ ಹಳದಿಗಿಂತ ಬಿಳಿಯೇ ಕಷ್ಟ. ಬಿಳಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡಿನ ಸೂಚ್ಯಂಕ ರಾಳದ್ದಕ್ಕಿಂತ ಬಹಳ ಮೇಲೆ ಎಂದು ಹಿಂದೆಯೇ ಹೇಳಿದೆ, ಹಾಗಿದ್ದರೂ ಬಿಳಿ ಯಾಕೆ ಕೈಕೊಡುತ್ತದೆ? ಮೊದಲನೆಯದಾಗಿ, ಬಿಳಿಗೆ ನುಂಗುವ ವಿದ್ಯೆ ಸೊನ್ನೆ. ಹಳದಿಗೆ ನೀಲಿ ಭಾಗವನ್ನಾದರೂ ನುಂಗುವ ಹಕ್ಕಿದೆ, ಬಿಳಿಗೆ ಅದೂ ಇಲ್ಲ. ಅಡಿಯ ಕಪ್ಪನ್ನು ಮರೆಮಾಡಲು ಅದು ಬರೀ ಚದುರಿಸಿಯೇ ಗೆಲ್ಲಬೇಕು. ಎರಡನೆಯದು, ನಮ್ಮ ಕಣ್ಣು ಬಿಳಿಯಲ್ಲಿ ಕ್ಷಮೆ ತೋರಿಸುವುದಿಲ್ಲ. ಹಸಿರಿನಲ್ಲಿ ಕಾಣದ ಏರುಪೇರು ಬಿಳಿಯಲ್ಲಿ ಕೊಳೆಯಂತೆ ಕಾಣುತ್ತದೆ. ಮೂರನೆಯದು ಬಾಟಲಿಯೊಳಗಿನ ಸಂಗತಿ. ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ತೂಕದ್ದು. ಬಾಟಲಿ ಕೆಲವು ವಾರ ಸುಮ್ಮನೆ ನಿಂತರೆ ಪುಡಿಯೆಲ್ಲ ತಳ ಸೇರಿ ಮೇಲೆ ಬರೀ ರಾಳದ ನೀರು ಉಳಿಯುತ್ತದೆ. ಅಲುಗಿಸದೆ ಹಿಂಡಿದರೆ ಬರುವುದು ಆ ನೀರೇ. ಒಂದು ಸ್ಟೇನ್‌ಲೆಸ್ ಸ್ಟೀಲ್ ಗುಂಡನ್ನು ಬಾಟಲಿಯೊಳಗೆ ಬಿಟ್ಟು, ಪ್ರತಿ ಸಲವೂ ತಳದ ಗಷ್ಟು ಕರಗುವವರೆಗೆ ಕುಲುಕಿ. ಸಾದಾ ಕಬ್ಬಿಣದ ಗುಂಡು ಬೇಡ, ತುಕ್ಕು ಹಿಡಿದು ಬಿಳಿಯನ್ನು ಕಾವಿ ಮಾಡುತ್ತದೆ.

ಪುಡಿಯನ್ನೇ ಹೆಚ್ಚು ತುಂಬಿದರಾಯಿತಲ್ಲ ಎನ್ನಬಹುದು. ಅದಕ್ಕೂ ಮಿತಿಯಿದೆ. ಬೆಳಕನ್ನು ಅತ್ಯುತ್ತಮವಾಗಿ ಚದುರಿಸುವ ಕಣದ ಅಳತೆ ಸುಮಾರು 0.2ರಿಂದ 0.3 ಮೈಕ್ರಾನ್. ಆ ಕಣಗಳ ನಡುವೆ ಒಂದಿಷ್ಟು ಅಂತರವೂ ಇರಬೇಕು. ತೀರಾ ಒತ್ತೊತ್ತಾಗಿ ತುಂಬಿದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬಂದು, ಹೆಚ್ಚಿಸಿದ ಪುಡಿಗೆ ತಕ್ಕ ಫಲ ಸಿಗುವುದಿಲ್ಲ. ರಾಳ ಕಡಿಮೆಯಾಗಿ ಮೇಲ್ಮೈ ಮಾತ್ರ ಸೀಮೆಸುಣ್ಣ ಬಳಿದಂತೆ ಒರಟಾಗುತ್ತದೆ. ಬಿಳಿ ಬಣ್ಣ ಗೊಂಬೆಯ ಮೇಲೆ ಪುಡಿಪುಡಿಯಾಗಿ ಕಾಣುವುದು ಇದರಿಂದಲೇ.

ಹಾಗಾಗಿ ಬಿಳಿ ಬಟ್ಟೆಗೆ ಬಿಳಿ ಹಚ್ಚಲೇಬೇಡಿ, ಕೊನೆಯವರೆಗೆ. ತಿಳಿಬೂದು ಅಥವಾ ತಿಳಿಕೆನೆ ಬಣ್ಣದಿಂದ ಶುರುಮಾಡಿ. ಬೂದಿನಲ್ಲಿರುವ ಚಿಟಿಕೆ ಕಪ್ಪು ನುಂಗುವ ವಿದ್ಯೆಯನ್ನು ಎರವಲು ಕೊಡುತ್ತದೆ, ಆದ್ದರಿಂದ ಬೂದು ಬಿಳಿಗಿಂತ ಎಷ್ಟೋ ಬೇಗ ಮುಚ್ಚುತ್ತದೆ. ಅದರ ಮೇಲೆ ಮಡಿಕೆಗಳ ಒಳಭಾಗ ಬಿಟ್ಟು, ಎದ್ದು ನಿಂತ ಭಾಗಗಳಿಗೆ ಮಾತ್ರ ಇನ್ನೂ ತಿಳಿಯಾದ ಬೂದು. ಅಚ್ಚಬಿಳಿ ಎಂಬುದು ಹೆಗಲಿನ ಅಂಚು, ಮಡಿಕೆಯ ನೆತ್ತಿ, ಅಷ್ಟಕ್ಕೇ. ನೋಡುವವರು ಇಡೀ ಅಂಗಿಯನ್ನು ಬಿಳಿಯೆಂದೇ ಹೇಳುತ್ತಾರೆ. ಏರ್‌ಬ್ರಷ್ ಇದ್ದವರಿಗೆ ಬಿಳಿಯ ಕಷ್ಟ ಅರ್ಧವಾಗುತ್ತದೆ, ಮಂಜಿನಂತೆ ಬೀಳುವ ಹಲವು ಪದರಗಳಲ್ಲಿ ಕುಂಚದ ಗೆರೆಯೇ ಇರುವುದಿಲ್ಲ. ಆದರೆ ಹೊಸಬರು ಈ ಒಂದು ಕಾರಣಕ್ಕೆ ಕಂಪ್ರೆಸರ್ ಕೊಳ್ಳಲು ಹೋಗಬಾರದು.

ಕೆಂಪು ಇವೆರಡರಷ್ಟು ಹಟಮಾರಿಯಲ್ಲ. ಶ್ರೀರಂಗಪಟ್ಟಣದ 1799ರ ಮುತ್ತಿಗೆಯ ಸೈನಿಕರನ್ನು ಬಣ್ಣಿಸಲು ಹೊರಟಿರೆಂದುಕೊಳ್ಳಿ. ಬ್ರಿಟಿಷ್ ಕಾಲಾಳುಗಳಿಗೂ ಕಂಪನಿಯ ಸಿಪಾಯಿಗಳಿಗೂ ಕೆಂಪು ಕೋಟು, ಎದೆಯ ಮೇಲೆ ಬಿಳಿ ಅಡ್ಡಪಟ್ಟಿ. ಒಂದೇ ಗೊಂಬೆಯಲ್ಲಿ ಎರಡು ತಲೆನೋವು. ಕೆಂಪು ವರ್ಣಕ ಹಸಿರು, ನೀಲಿ ಎರಡನ್ನೂ ನುಂಗುವುದರಿಂದ ಬಿಳಿಯ ಮೇಲೆ ಪರವಾಗಿಲ್ಲ, ಆದರೂ ಕುಂಚದ ಗೆರೆಗಳಲ್ಲಿ ಗುಲಾಬಿ ಇಣುಕುತ್ತದೆ. ಕಪ್ಪಿನ ಮೇಲೆ ಒಣರಕ್ತದ ಮಂಕು. ನಡುದಾರಿಯೆಂದರೆ ಕಬ್ಬಿಣದ ಆಕ್ಸೈಡ್ ಇರುವ ಇಟ್ಟಿಗೆಗೆಂಪು. ಅದನ್ನು ಅಡಿಗೆ ಹಾಕಿ ಮೇಲೆ ಉಜ್ವಲ ಕೆಂಪು ಹಚ್ಚಿ. ಇದರಲ್ಲಿ ಇತಿಹಾಸದ ಬಲವೂ ನಿಮಗಿದೆ. ಆ ಕಾಲದ ಸಾಮಾನ್ಯ ಬ್ರಿಟಿಷ್ ಸೈನಿಕನ ಕೋಟಿಗೆ ಬಳಿಯುತ್ತಿದ್ದುದು ಮಂಜಿಷ್ಠದ ಅಗ್ಗದ ಕೆಂಪು, ಅಧಿಕಾರಿಗಳ ಕೋಟಿಗೆ ಕೊಚಿನೀಲ್ ಹುಳುವಿನ ಉಜ್ವಲ ಕಡುಗೆಂಪು. ಬಿಸಿಲುಮಳೆಗೆ ಮಾಸಿದ ಸೈನಿಕನಿಗೆ ಇಟ್ಟಿಗೆಗೆಂಪು ಹೆಚ್ಚುಕಡಿಮೆ ಹಾಗೆಯೇ ಸಾಕು, ಉಜ್ವಲ ಕೆಂಪನ್ನು ಅಧಿಕಾರಿಗೆ ಉಳಿಸಿಕೊಳ್ಳಿ. ಕೆಂಪನ್ನು ತಿಳಿಯಾಗಿಸಲು ಬಿಳಿ ಸೇರಿಸಿದರೆ ಗುಲಾಬಿಯಾಗಿಬಿಡುತ್ತದೆ, ಕಿತ್ತಳೆ ಸೇರಿಸಿ. ಸಿಟಡೆಲ್ಲಿನ ಮೆಫಿಸ್ಟನ್ ರೆಡ್ ಎಂಬ ಬೇಸ್ ಬಣ್ಣ ಕಪ್ಪಿನ ಮೇಲೂ ಎರಡು ಕೋಟಿಗೆ ಚೆನ್ನಾಗಿ ಕೂರುತ್ತದೆ, ಕೆಂಪು ಪಡೆ ಕಟ್ಟುವವರು ಅದರಿಂದಲೇ ಶುರುಮಾಡಬಹುದು.

ಉಳಿದವನ್ನು ಬೇಗ ಮುಗಿಸುತ್ತೇನೆ. ಕಿತ್ತಳೆ ಹಳದಿಯ ತಮ್ಮ, ಅದೇ ಓಕರ್ ಅಥವಾ ಗುಲಾಬಿಯ ಅಡಿ ನಡೆಯುತ್ತದೆ. ಮಜೆಂಟಾ, ಕಡುಗುಲಾಬಿಗಳು ಬಿಳಿ ಬೆರೆಸದ ಹೊರತು ಪಾರದರ್ಶಕ. ಗಿಳಿಹಸಿರಿನಲ್ಲಿ ಹಳದಿ ಪಾಲು ಹೆಚ್ಚಿರುವುದರಿಂದ ಅದೇ ಕಾಯಿಲೆ, ಸೌಮ್ಯವಾಗಿ. ಫ್ಲೋರೊಸೆಂಟ್ ಬಣ್ಣಗಳಿಗೆ ಬಿಳಿಯ ಅಡಿ ಬಿಟ್ಟು ಬೇರೆ ದಾರಿಯೇ ಇಲ್ಲ. ಚಿನ್ನದ ಬಣ್ಣ ಲೋಹದಂಥ ಚಕ್ಕೆಗಳಿಂದಾದದ್ದು, ಚಕ್ಕೆಗಳ ನಡುವಿನ ಸಂದು ಕಾಣದಿರಲು ಅಡಿಗೆ ಕಂದು ಅಥವಾ ಓಕರ್ ಹಾಕಿ.

ಇಷ್ಟೆಲ್ಲ ಹೇಳಿದ ಮೇಲೆ ಪಾರದರ್ಶಕತೆಯನ್ನು ರೋಗವೆಂದು ತಿಳಿದುಬಿಟ್ಟೀರಿ. ಹಾಗಲ್ಲ. ಚನ್ನಪಟ್ಟಣದ ಆಟಿಕೆಯ ಹಳದಿ ಯಾಕೆ ಅಷ್ಟು ಹೊಳೆಯುತ್ತದೆ ಯೋಚಿಸಿ. ಆಲೆಮರದ ಮೈ ಹೆಚ್ಚುಕಡಿಮೆ ಬಿಳಿ. ಅದನ್ನು ಲೇತಿನಲ್ಲಿ ತಿರುಗಿಸುತ್ತ ಅರಗಿನ ಬಣ್ಣ ಒತ್ತುತ್ತಾರೆ. ತೆಳುವಾಗಿ ಕೂತ ಅರಗಿನ ಪದರವನ್ನು ದಾಟಿ ಬೆಳಕು ಮರದವರೆಗೆ ಹೋಗಿ, ಅದೇ ಪದರದ ಮೂಲಕ ಮರಳಿ ಬರುತ್ತದೆ. ಎರಡು ಸಲ ಹಳದಿಯಲ್ಲಿ ಅದ್ದಿದ ಬೆಳಕು ಅದು. ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಬಟ್ಟೆಯ ಚೂರು ಅಂಟಿಸಿ, ಕಲ್ಲುಪುಡಿಯ ಲೇಪ ಬಳಿದು, ಅಡಿ ಸಿದ್ಧವಾದ ಮೇಲೇ ಬಣ್ಣಕ್ಕೆ ಕೈಹಾಕುತ್ತಾರೆ. 2019ರಲ್ಲಿ ಬಂದ ಸಿಟಡೆಲ್ ಕಾಂಟ್ರಾಸ್ಟ್ ಬಣ್ಣಗಳ ಮರ್ಮವೂ ಪಾರದರ್ಶಕತೆಯೇ. ತಿಳಿ ಪ್ರೈಮರಿನ ಮೇಲೆ ಒಂದೇ ಕೋಟು ಹರಿಸಿದರೆ ಎತ್ತರಗಳಲ್ಲಿ ತೆಳುವಾಗಿ, ಸಂದುಗಳಲ್ಲಿ ದಟ್ಟವಾಗಿ ನಿಂತು ನೆರಳುಬೆಳಕನ್ನು ತಾನೇ ಮಾಡಿಕೊಳ್ಳುತ್ತದೆ. ಮುಚ್ಚುವ ಬಣ್ಣಗಳ ಜೊತೆ ಇಂಥವೂ ಒಂದೆರಡು ನಿಮ್ಮ ಪೆಟ್ಟಿಗೆಯಲ್ಲಿರಲಿ.

ಮೊದಲ ಅಭ್ಯಾಸಕ್ಕೆ ಆ ಶ್ರೀರಂಗಪಟ್ಟಣದ ಕೆಂಪುಕೋಟಿನವನನ್ನೇ ತೆಗೆದುಕೊಳ್ಳಿ. ತಿಳಿಬೂದು ಪ್ರೈಮರ್ ಹೊಡೆದು ಒಂದು ರಾತ್ರಿ ಬಿಡಿ. ಹಟಮಾರಿ ಬಣ್ಣಗಳಿಂದ ಶುರುವಾಗಲಿ, ಯಾಕೆಂದರೆ ಅವು ಪಕ್ಕಕ್ಕೆ ಸೋರಿದರೆ ಮೇಲೆ ಬರುವ ಗಾಢ ಬಣ್ಣ ಸುಲಭವಾಗಿ ಮುಚ್ಚುತ್ತದೆ, ಗಾಢ ಬಣ್ಣ ಸೋರಿದ ಮೇಲೆ ಬಿಳಿಯಿಂದ ತಿದ್ದುವುದು ಯಾರಿಗೂ ಬೇಡ. ಕೋಟಿಗೆ ಇಟ್ಟಿಗೆಗೆಂಪು, ಅದರ ಮೇಲೆ ಉಜ್ವಲ ಕೆಂಪು. ಕೆಂಪು ಅಂಚು ದಾಟಿದಲ್ಲಿ ಅಡ್ಡಪಟ್ಟಿಯನ್ನು ಮೊದಲು ನಡುಬೂದಿನಿಂದ ಒಂದು ಸಲ ಎಳೆದು ಮುಚ್ಚಿ, ಬೂದಿನ ಸಣ್ಣ ಗೆರೆಯನ್ನು ಎರಡೂ ಕಡೆ ಉಳಿಸಿಕೊಂಡು ಒಳಗೆ ತಿಳಿಬೂದು, ಹೆಗಲ ಮೇಲೆ ಮಾತ್ರ ಬಿಳಿ. ಬಂದೂಕಿನ ಕಂದು, ಟೋಪಿಯ ಕಪ್ಪು, ಬೂಟು, ಕೊನೆಗೆ ಪೀಠದ ಅಂಚು.